ಕಾಲಿನ ಹುಣ್ಣೂ ಬಟ್ಟೆಯ ಪಟ್ಟಿಯೂ

ಚರಿತ್ರೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ರಾಜರು, ಯುದ್ಧಗಳು, ಕೋಟೆಕೊತ್ತಲಗಳು. ಕಾಲಿನ ಹುಣ್ಣಿಗೂ ಒಂದು ಚರಿತ್ರೆ ಉಂಟೆ ಎಂದು ನೀವು ಕೇಳಬಹುದು. ಉಂಟು. ಅದು ಎಷ್ಟೋ ಕೋಟೆಗಳಿಗಿಂತ ಹಳೆಯದು. ಇನ್ನೂ ಮುಗಿಯದೆ ಇರುವಂಥದು.

ನಿಮ್ಮ ಬೀದಿಯಲ್ಲಿಯೋ ನೆಂಟರ ಮನೆಯಲ್ಲಿಯೋ ಇಂಥ ಒಬ್ಬರನ್ನಾದರೂ ನೀವು ನೋಡಿರಬಹುದು. ಹೋಟೆಲಿನ ಒಲೆಯ ಮುಂದೆ ಮೂವತ್ತು ವರ್ಷ ನಿಂತ ಅಡಿಗೆಯವರು, ದಿನವಿಡೀ ನಿಂತೇ ಕ್ಷೌರ ಮಾಡಿದವರು, ಕರಿಹಲಗೆಯ ಮುಂದೆ ನಿಂತು ಪಾಠ ಹೇಳಿದ ಉಪಾಧ್ಯಾಯರು, ನಾಲ್ಕಾರು ಮಕ್ಕಳನ್ನು ಹೆತ್ತ ತಾಯಿ. ಮೀನಖಂಡದ ಮೇಲೆ ಉಬ್ಬಿ ಸುತ್ತಿಕೊಂಡ ನೀಲಿ ನರಗಳು. ಪಾದದ ಗಿಣ್ಣಿನ ಮೇಲ್ಗಡೆ, ಒಳಬದಿಯಲ್ಲಿ, ಅಂಗೈಯಗಲದ ಒಂದು ಹುಣ್ಣು. ಅದರ ಸುತ್ತ ಚರ್ಮ ಕಪ್ಪಿಟ್ಟು ಗಟ್ಟಿಯಾಗಿರುತ್ತದೆ; ರಸಿಗೆ ಸೋರುತ್ತಲೇ ಇರುತ್ತದೆ. ಸೀರೆಯ ನೆರಿಗೆಯಲ್ಲಿ, ಪಂಚೆಯ ಅಂಚಿನಲ್ಲಿ ಅದನ್ನು ಮರೆಮಾಡಿಕೊಂಡು ಓಡಾಡುತ್ತಾರೆ. ವಾಸನೆ ಬಂದೀತೆಂಬ ಸಂಕೋಚದಿಂದ ಮದುವೆ ಮುಂಜಿಗಳಿಗೆ ಹೋಗುವುದನ್ನೇ ಬಿಡುವವರಿದ್ದಾರೆ. ಮಾಯಿತು ಎನ್ನುವಷ್ಟರಲ್ಲಿ ಮತ್ತೆ ಒಡೆಯುತ್ತದೆ. ಮುಲಾಮು ಬದಲಾಗುತ್ತದೆ, ವೈದ್ಯರು ಬದಲಾಗುತ್ತಾರೆ. ಹುಣ್ಣು ಮಾತ್ರ ಅಲ್ಲಿಯೇ ಇರುತ್ತದೆ.

ಇದೇಕೆ ಹೀಗೆ? ಮೂರು ಸಾವಿರ ವರ್ಷಗಳಿಗೂ ಮೀರಿದ ಈ ಚಿಕಿತ್ಸೆಯ ಚರಿತ್ರೆಯನ್ನು ನೋಡಿದರೆ ಅದರಲ್ಲೆಲ್ಲ ಒಂದೇ ಪ್ರಶ್ನೆ ಹರಿದುಬಂದಿರುವುದು ಕಾಣುತ್ತದೆ: ವೈದ್ಯನಾದವನು ಹುಣ್ಣನ್ನು ನೋಡಬೇಕೋ, ಕಾಲನ್ನು ನೋಡಬೇಕೋ?

ಕಥೆ ತಿಳಿಯಬೇಕಾದರೆ ಮೊದಲು ಕಾಲಿನೊಳಗಿನ ವ್ಯವಸ್ಥೆಯನ್ನು ಸ್ವಲ್ಪ ತಿಳಿದಿರಬೇಕು. ಹೃದಯವು ಅಪಧಮನಿಗಳ ಮೂಲಕ ರಕ್ತವನ್ನು ಪಾದಕ್ಕೆ ಕಳುಹಿಸುತ್ತದೆ. ಅದು ಹಿಂತಿರುಗಬೇಕಾದದ್ದು ಅಭಿಧಮನಿಗಳ ಮೂಲಕ. ನಾವು ಆಡುಮಾತಿನಲ್ಲಿ ನರ ಉಬ್ಬಿದೆ ಎನ್ನುವುದು ಈ ಅಭಿಧಮನಿಗಳನ್ನೇ. ಬಾವಿಯಿಂದ ನೀರನ್ನು ಮೇಲೆತ್ತಿದಂತೆ ರಕ್ತವನ್ನು ಪಾದದಿಂದ ಎದೆಯವರೆಗೆ ಎತ್ತಬೇಕು. ಈ ಕೆಲಸವನ್ನು ಮಾಡುವುದು ಮೀನಖಂಡದ ಸ್ನಾಯುಗಳು. ನಾವು ಹೆಜ್ಜೆ ಹಾಕಿದಾಗಲೆಲ್ಲ ಅವು ಅಭಿಧಮನಿಗಳನ್ನು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತವೆ. ಮೇಲೆ ಹೋದದ್ದು ಕೆಳಗಿಳಿಯದಂತೆ ಅಲ್ಲಲ್ಲಿ ಪುಟ್ಟ ಕವಾಟಗಳಿವೆ. ಸುಮ್ಮನೆ ನಿಂತಾಗ ಗಿಣ್ಣಿನ ಬಳಿ ಅಭಿಧಮನಿಯ ಒತ್ತಡ ಪಾದರಸದ 80ರಿಂದ 90 ಮಿಲಿಮೀಟರಿನಷ್ಟಿರುತ್ತದೆ; ಆರೋಗ್ಯವಂತನು ನಡೆಯತೊಡಗಿದರೆ ಅದು 30ಕ್ಕೋ ಅದಕ್ಕೂ ಕೆಳಗೋ ಇಳಿಯುತ್ತದೆ. ಕವಾಟಗಳು ಕೆಟ್ಟವನಿಗೆ ಹೀಗೆ ಇಳಿಯದು. ಹಗಲೆಲ್ಲ ಆ ಒತ್ತಡವನ್ನು ಹೊತ್ತ ಚರ್ಮ ಊದಿಕೊಳ್ಳುತ್ತದೆ, ಕಪ್ಪಿಡುತ್ತದೆ, ಗಟ್ಟಿಯಾಗುತ್ತದೆ. ಕೊನೆಗೆ ಒಂದು ದಿನ ಸಣ್ಣ ತರಚುಗಾಯವೋ ಸೊಳ್ಳೆ ಕಡಿತವೋ ನೆಪವಾಗಿ ಒಡೆಯುತ್ತದೆ. ಕಾಲಿನ ಹುಣ್ಣಿಗೆ ಬೇರೆ ಕಾರಣಗಳೂ ಉಂಟು. ಅವುಗಳ ಮಾತು ಕೊನೆಗೆ ಬರುತ್ತದೆ. ಇಲ್ಲಿ ಹೇಳುತ್ತಿರುವುದು ಬಹು ಸಾಮಾನ್ಯವಾದ ಈ ಅಭಿಧಮನಿಯ ಹುಣ್ಣಿನ ಕಥೆ.

ಪ್ರಾಚೀನರಿಗೆ ಈ ಕವಾಟಗಳ ಸಂಗತಿ ತಿಳಿದಿರಲಿಲ್ಲ. ಆದರೂ ಅವರು ಕಣ್ಣುಮುಚ್ಚಿ ಕುಳಿತವರಲ್ಲ. ಕ್ರಿಸ್ತಪೂರ್ವ 1600ರ ಸುಮಾರಿನ ಈಜಿಪ್ಟಿನ ಪಪೈರಸ್ ಸುರುಳಿಯೊಂದು ಎಡ್ವಿನ್ ಸ್ಮಿತ್ ಎಂಬವನ ಕೈಗೆ 1862ರಲ್ಲಿ ಬಂದಿತು. 1930ರಲ್ಲಿ ಅದರ ಅನುವಾದ ಪ್ರಕಟವಾಯಿತು. ಗಾಯಕ್ಕೆ ಜೇನು, ಕೊಬ್ಬು, ನಾರುಬಟ್ಟೆ ಇಟ್ಟು ಕಟ್ಟಬೇಕೆಂಬುದು ಅದರಲ್ಲಿದೆ. ನಮ್ಮ ಸುಶ್ರುತಸಂಹಿತೆಯಂತೂ ವ್ರಣಚಿಕಿತ್ಸೆಯ ಅರವತ್ತು ಉಪಕ್ರಮಗಳನ್ನು ಎಣಿಸುತ್ತದೆ. ಜೇನುತುಪ್ಪ, ಜಿಗಣೆ, ಶಸ್ತ್ರ, ಕ್ಷಾರ ಎಲ್ಲವೂ ಅಲ್ಲಿವೆ. ಪಟ್ಟಿ ಕಟ್ಟುವ ಹದಿನಾಲ್ಕು ಬಗೆಗಳನ್ನು ಹೇಳಿ, ಯಾವ ಅಂಗಕ್ಕೆ ಎಷ್ಟು ಬಿಗಿ ಎಂಬುದನ್ನೂ ಗಾಢ, ಸಮ, ಶಿಥಿಲ ಎಂದು ವಿಂಗಡಿಸಿದೆ. ಕೈಕಾಲುಗಳಿಗೆ ಹೇಳಿರುವುದು ಸಮಬಂಧ; ಹೆಚ್ಚು ಬಿಗಿಯೂ ಅಲ್ಲ, ಸಡಿಲವೂ ಅಲ್ಲ. ಗ್ರೀಸಿನಲ್ಲಿ ಹಿಪ್ಪೊಕ್ರೇಟಸನ ಪರಂಪರೆಯ ವೈದ್ಯರು ಇನ್ನೊಂದು ಸಂಗತಿಯನ್ನು ಗಮನಿಸಿದ್ದರು: ಕಾಲಿನಲ್ಲಿ ಹುಣ್ಣಿರುವವನು ನಿಂತುಕೊಂಡಿರುವುದು ಒಳ್ಳೆಯದಲ್ಲ. ಕಾರಣ ತಿಳಿಯದಿದ್ದರೂ ನೋಟ ಸರಿಯಾಗಿತ್ತು.

ಆಮೇಲೆ ಯುರೋಪಿನಲ್ಲಿ ಒಂದು ತಪ್ಪು ಸಿದ್ಧಾಂತ ಬೇರೂರಿತು. ದೇಹದ ದುಷ್ಟ ರಸಗಳು ಹುಣ್ಣಿನ ದಾರಿಯಾಗಿ ಹೊರಗೆ ಹರಿಯುತ್ತವೆ, ಅದನ್ನು ಮುಚ್ಚಿದರೆ ಅವು ಒಳಗೇ ನಿಂತು ರೋಗಿಯನ್ನು ಕೊಂದಾವು ಎಂಬುದು ಆ ನಂಬಿಕೆ. ಗ್ಯಾಲೆನನ ಕಾಲದ ರಸಸಿದ್ಧಾಂತದಿಂದ ಹುಟ್ಟಿದ ಈ ಭಯ ಹದಿನೆಂಟನೆಯ ಶತಮಾನದವರೆಗೂ ವೈದ್ಯರನ್ನು ಕಾಡಿತು. ವಾಸಿಯಾಗಬಹುದಾಗಿದ್ದ ಹುಣ್ಣುಗಳನ್ನು ಬೇಕೆಂದೇ ತೆರೆದಿಟ್ಟ ವೈದ್ಯರಿದ್ದರು. ನಕ್ಕುಬಿಡುವ ಮೊದಲು ನಮ್ಮ ಮನೆಗಳನ್ನೇ ಒಮ್ಮೆ ನೋಡಿಕೊಳ್ಳೋಣ. “ಕೆಟ್ಟ ನೀರು ಹೋಗಲಿ ಬಿಡಿ, ಕಟ್ಟಬೇಡಿ” ಎನ್ನುವ ಹಿರಿಯರ ಮಾತನ್ನು ನೀವೂ ಕೇಳಿರಬಹುದು. ನಂಬಿಕೆಗಳಿಗೆ ದೇಶಭಾಷೆಗಳ ಗಡಿಯಿಲ್ಲ.

ಈ ಭಯವನ್ನು ಲೆಕ್ಕಿಸದೆ ಕೆಲಸ ಮಾಡಿದವನೊಬ್ಬನ ಕಥೆ ಸ್ವಾರಸ್ಯವಾಗಿದೆ. ಅವನು ಫ್ರಾನ್ಸಿನ ಶಸ್ತ್ರವೈದ್ಯ ಆಂಬ್ರಾಜ್ ಪಾರೆ. 1553ರಲ್ಲಿ ಚಕ್ರವರ್ತಿ ಐದನೆಯ ಚಾರ್ಲ್ಸನ ಸೈನ್ಯವು ಉತ್ತರ ಫ್ರಾನ್ಸಿನ ಎಸ್ದಾಂ ಕೋಟೆಯನ್ನು ಹಿಡಿದಾಗ ಪಾರೆ ಸೆರೆಸಿಕ್ಕಿದನು. ತಾನು ಹೆಸರಾಂತ ವೈದ್ಯನೆಂದು ತಿಳಿದರೆ ಬಿಡುಗಡೆಗೆ ಭಾರಿ ಹಣ ಕೇಳುತ್ತಾರೆಂದು ಹರಕು ಬಟ್ಟೆ ತೊಟ್ಟು ಸಾಮಾನ್ಯನಂತೆ ನಟಿಸಿದನು. ಆದರೂ ಗುರುತು ಬಯಲಾಯಿತು. ಸವಾಯಿಯ ಡ್ಯೂಕನು ತನ್ನ ಬಳಿ ಚಾಕರಿಗೆ ನಿಲ್ಲೆಂದು ಕೇಳಿದನು, ಪಾರೆ ಒಪ್ಪಲಿಲ್ಲ. ಸಿಟ್ಟಿಗೆದ್ದ ಡ್ಯೂಕನು ಇವನನ್ನು ಹಡಗಿನ ಹುಟ್ಟು ಹಾಕಲು ಕಳುಹಿಸಬೇಕೆಂದನು. ಆಗ ವೊದ್‌ವೀಲ್ ಎಂಬ ದಳಪತಿಯೊಬ್ಬನು ಅವನನ್ನು ತನಗೆ ಕೊಡಬೇಕೆಂದು ಬೇಡಿ ಪಡೆದುಕೊಂಡನು. ಕಾರಣ, ಅವನ ಕಾಲಿನಲ್ಲಿ ಬಹುಕಾಲದಿಂದ ಮಾಯದ ಹುಣ್ಣೊಂದಿತ್ತು.

ಪಾರೆ ಹುಣ್ಣನ್ನು ನೋಡಿದನು. ಅದರ ಮೇಲ್ಗಡೆ ಉಬ್ಬಿ ನಿಂತಿದ್ದ ಅಭಿಧಮನಿಯನ್ನೂ ನೋಡಿದನು. ಹುಣ್ಣನ್ನು ಸಾಕುತ್ತಿರುವುದು ಅದೇ ಎಂದು ಅವನಿಗೆ ಹೊಳೆಯಿತು. ಗಾಯವನ್ನು ಶುಚಿಮಾಡಿ ಔಷಧಿ ಇಟ್ಟು, ಉಬ್ಬಿದ ನಾಳದ ಮೇಲೆ ಬಟ್ಟೆಯ ಒತ್ತನ್ನಿಟ್ಟು, ಪಾದದಿಂದ ಮೊದಲುಮಾಡಿ ಮಂಡಿಯವರೆಗೆ ಪಟ್ಟಿ ಸುತ್ತಿದನು. ಹಾಸಿಗೆಯಲ್ಲಿ ವಿಶ್ರಾಂತಿ ಪಡೆಯಲು ಹೇಳಿದನು. ಹುಣ್ಣು ಮಾಯಿತು. ವೊದ್‌ವೀಲ್ ಹಣ ಕೇಳದೆಯೇ ಅವನನ್ನು ಬಿಟ್ಟುಕೊಟ್ಟನು. ಹೀಗೆ ಒಂದು ಬಟ್ಟೆಯ ಪಟ್ಟಿ ಒಬ್ಬನ ಕಾಲನ್ನೂ ಇನ್ನೊಬ್ಬನ ಸ್ವಾತಂತ್ರ್ಯವನ್ನೂ ಉಳಿಸಿತು. ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಸುತ್ತಬೇಕೆಂಬ ಆ ಕ್ರಮವನ್ನು ಓದುಗರು ನೆನಪಿನಲ್ಲಿಡಬೇಕು. ಮುಂದಿನ ಕಥೆಯೆಲ್ಲ ಅದರ ವ್ಯಾಖ್ಯಾನ.

ಕೆಲಸ ಮೊದಲು ಬಂತು, ಕಾರಣ ಆಮೇಲೆ ಬಂತು. ಇಟಲಿಯ ಪಾದುವಾ ವಿದ್ಯಾಪೀಠದಲ್ಲಿ ಫ್ಯಾಬ್ರಿಸಿಯಸನು 1603ರಲ್ಲಿ ಅಭಿಧಮನಿಗಳ ಕವಾಟಗಳನ್ನು ವರ್ಣಿಸಿ ಗ್ರಂಥ ಬರೆದನು. ಆದರೆ ಅವು ರಕ್ತದ ವೇಗವನ್ನು ತಡೆಯಲು ಇರುವುವೆಂದು ಅವನು ಭಾವಿಸಿದ್ದನು. ಅವನ ಶಿಷ್ಯನಾದ ಇಂಗ್ಲೆಂಡಿನ ವಿಲಿಯಂ ಹಾರ್ವೆ 1628ರಲ್ಲಿ ರಕ್ತಪರಿಚಲನೆಯನ್ನು ಸಿದ್ಧಪಡಿಸಿ ತೋರಿಸಿದಾಗ ಆ ಕವಾಟಗಳ ನಿಜವಾದ ಅರ್ಥ ತಿಳಿಯಿತು: ಅವು ಹೃದಯದ ಕಡೆಗೆ ಮಾತ್ರ ತೆರೆಯುವ ಬಾಗಿಲುಗಳು. ಎರಡನೆಯ ಚಾರ್ಲ್ಸ್ ದೊರೆಯ ಶಸ್ತ್ರವೈದ್ಯನಾಗಿದ್ದ ರಿಚರ್ಡ್ ವೈಸ್ಮನ್ 1676ರ ತನ್ನ ಗ್ರಂಥದಲ್ಲಿ ನಾಳ ಹಿಗ್ಗಿದರೆ ಕವಾಟ ಮುಚ್ಚಲಾರದು, ಅದರಿಂದಲೇ ಹುಣ್ಣು ಎಂದು ಗುರುತಿಸಿ, ಉಬ್ಬಿದ ಅಭಿಧಮನಿಯ ಹುಣ್ಣಿಗೆ ಪ್ರತ್ಯೇಕ ಹೆಸರನ್ನೇ ಕೊಟ್ಟನು. ಕಾಲಿಗೆ ಅಳತೆಯಾಗಿ ಹೊಲಿದ, ದಾರ ಎಳೆದು ಬಿಗಿಮಾಡುವ ತೊಗಲಿನ ಕಾಲುಚೀಲವನ್ನು ಹಾಕಿಸುತ್ತಿದ್ದನು. ಇಂದು ಔಷಧಿ ಅಂಗಡಿಯಲ್ಲಿ ಸಿಗುವ ಬಿಗಿ ಕಾಲುಚೀಲದ ಮುತ್ತಜ್ಜ ಅದು.

ದೊರೆಗಳ ವೈದ್ಯರ ಮಾತಾಯಿತು. ಹುಣ್ಣು ಹೆಚ್ಚಾಗಿ ಹುಡುಕಿಕೊಂಡು ಹೋಗುವುದು ನಿಂತು ದುಡಿಯುವ ಬಡವನನ್ನು. ವಿಶ್ರಾಂತಿ ತೆಗೆದುಕೋ ಎಂದರೆ ಅವನ ಮನೆಯಲ್ಲಿ ಒಲೆ ಉರಿಯುವುದು ಹೇಗೆ? ಈ ಕಷ್ಟವನ್ನು ಮನಗಂಡವನು ಬ್ರಿಸ್ಟಲ್ ನಗರದ ಥಾಮಸ್ ಬೇಂಟನ್. 1797ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಅವನು ಅಂಟು ಬಳಿದ ಬಟ್ಟೆಯ ಪಟ್ಟಿಗಳನ್ನು ಕಾಲಿನ ಸುತ್ತ ಒಂದರ ಮೇಲೊಂದು ಬಿಗಿಯಾಗಿ ಹಚ್ಚಿ ಮೇಲೆ ಬಟ್ಟೆ ಸುತ್ತುವ ವಿಧಾನವನ್ನು ವಿವರಿಸಿದನು. ರೋಗಿ ಓಡಾಡಿಕೊಂಡು, ಕೆಲಸ ಮಾಡಿಕೊಂಡೇ ವಾಸಿಯಾಗಬಹುದೆಂಬುದು ಅದರ ಹೆಚ್ಚುಗಾರಿಕೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಜರ್ಮನಿಯ ಹ್ಯಾಂಬರ್ಗಿನ ಚರ್ಮವೈದ್ಯ ಪೌಲ್ ಉನ್ನಾ ಸತುವಿನ ಆಕ್ಸೈಡು, ಜೆಲಾಟಿನ್, ಗ್ಲಿಸರಿನ್‌ಗಳ ಸರಿಯನ್ನು ಪಟ್ಟಿಗೆ ಬಳಿದು ಕಾಲಿಗೆ ಸುತ್ತಿದನು. ಒಣಗಿದ ಮೇಲೆ ಅದು ಬೂಟಿನಂತೆ ಕಾಲನ್ನು ಹಿಡಿದುಕೊಳ್ಳುತ್ತದೆ. ‘ಉನ್ನಾ ಬೂಟು’ ಎಂದು ಅದನ್ನು ಇಂದಿಗೂ ಬಳಸುತ್ತಾರೆ.

ಇಷ್ಟರಲ್ಲಿ ಕಾರಣದ ಶೋಧನೆಯೂ ಆಳಕ್ಕಿಳಿಯಿತು. 1860ರ ದಶಕದ ಕೊನೆಯಲ್ಲಿ ಲಂಡನ್ನಿನ ಜಾನ್ ಗೇ, ಮೇಲೆ ಕಾಣುವ ನಾಳಗಳು ಉಬ್ಬದಿದ್ದರೂ ಒಳಗಿನ ಆಳವಾದ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟಿದವರಿಗೆ ಹುಣ್ಣಾಗುವುದೆಂದು ತೋರಿಸಿದನು. ಬಾಸ್ಟನ್ನಿನ ಜಾನ್ ಹೋಮನ್ಸ್ 1917ರಲ್ಲಿ ಈ ಎರಡು ಬಗೆಗಳನ್ನು ಸ್ಪಷ್ಟವಾಗಿ ಬೇರ್ಪಡಿಸಿದನು. ನಡುವೆ, 1890ರ ಸುಮಾರಿನಲ್ಲಿ, ಜರ್ಮನಿಯ ಟ್ರೆಂಡೆಲೆನ್‌ಬರ್ಗ್ ಕೆಟ್ಟ ಅಭಿಧಮನಿಯನ್ನು ತೊಡೆಯ ಹತ್ತಿರವೇ ಕಟ್ಟಿಹಾಕುವ ಶಸ್ತ್ರಕ್ರಿಯೆಯನ್ನು ಬಳಕೆಗೆ ತಂದನು. ವೈದ್ಯನ ಕೈ ಹುಣ್ಣನ್ನು ಬಿಟ್ಟು ಅದರ ಬೇರಿನ ಕಡೆಗೆ ಹೋಗತೊಡಗಿತು.

ಹುಣ್ಣನ್ನೇ ಮುಚ್ಚುವ ಜಾಣ್ಮೆಯೂ ಜೊತೆಜೊತೆಗೆ ಬೆಳೆಯಿತು. ಪ್ಯಾರಿಸಿನ ಆಸ್ಪತ್ರೆಯೊಂದರಲ್ಲಿ ಕಲಿಯುತ್ತಿದ್ದ ಸ್ವಿಟ್ಸರ್ಲೆಂಡಿನ ತರುಣ ಜಾಕ್ ರೆವರ್ದಾಂ 1869ರಲ್ಲಿ ಅಕ್ಕಿಯ ನುಚ್ಚಿನಷ್ಟು ಸಣ್ಣ ಚರ್ಮದ ಚೂರುಗಳನ್ನು ತೆಗೆದು ಗಾಯದ ಮೇಲಿಟ್ಟನು. ಅವು ನಾಟಿ ಹಾಕಿದ ಪೈರಿನಂತೆ ಬೇರುಬಿಟ್ಟು ಹಬ್ಬಿದುವು. ಗಿಡಕ್ಕೆ ಕಸಿ ಕಟ್ಟುವ ನಮ್ಮ ತೋಟಗಾರರಿಗೆ ಇದು ಅಚ್ಚರಿಯಾಗದು. ವೈದ್ಯಲೋಕಕ್ಕೆ ಅದು ದೊಡ್ಡ ಸುದ್ದಿ. ಕಾಲಿನ ಹುಣ್ಣಿಗೂ ಚರ್ಮದ ಕಸಿ ಮಾಡಿದರು, ಹಿಡಿಯಿತು. ಆದರೆ ರೋಗಿ ಎದ್ದು ತನ್ನ ಕೆಲಸಕ್ಕೆ ನಿಂತರೆ ಹೊಸ ಚರ್ಮವೂ ಹಳೆಯದರಂತೆ ಒಡೆಯುವುದು ಕಂಡುಬಂತು. ಸೋರುವ ಮಾಡನ್ನು ಬಿಟ್ಟು ಗೋಡೆಗೆ ಸುಣ್ಣ ಹಚ್ಚಿದಂತಾಯಿತು.

ಇಪ್ಪತ್ತನೆಯ ಶತಮಾನವು ಇನ್ನೊಂದು ಹಳೆಯ ನಂಬಿಕೆಯನ್ನು ಅಲುಗಾಡಿಸಿತು. ಗಾಯವನ್ನು ಗಾಳಿಗೆ ಬಿಟ್ಟು ಒಣಗಿಸಿದರೆ ಬೇಗ ಮಾಯುತ್ತದೆಂದು ನಾವೆಲ್ಲ ಕಲಿತವರು. 1962ರಲ್ಲಿ ಇಂಗ್ಲೆಂಡಿನ ಜಾರ್ಜ್ ವಿಂಟರ್ ಹಂದಿಗಳ ಚರ್ಮದ ಮೇಲೆ ಒಂದೇ ಬಗೆಯ ಗಾಯಗಳನ್ನು ಮಾಡಿ, ಕೆಲವನ್ನು ಗಾಳಿಗೆ ಬಿಟ್ಟು, ಕೆಲವನ್ನು ಪಾಲಿಥಿನ್ ಹಾಳೆಯಿಂದ ಮುಚ್ಚಿದನು. ಹಾಳೆಯ ಕೆಳಗೆ ತೇವವಾಗಿದ್ದ ಗಾಯಗಳ ಮೇಲೆ ಹೊಸ ಹೊರಚರ್ಮ ಸುಮಾರು ಇಮ್ಮಡಿ ವೇಗದಲ್ಲಿ ಹಬ್ಬಿತು. ಹಕ್ಕಳೆಯ ಕೆಳಗೆ ದಾರಿ ಕೊರೆದುಕೊಂಡು ಹೋಗಬೇಕಾದ ಜೀವಕೋಶಗಳಿಗೆ ತೇವದ ನೆಲದಲ್ಲಿ ಪಯಣ ಸುಲಭ. ತೇವವನ್ನು ಹದವಾಗಿ ಕಾಯುವ ಇಂದಿನ ಬಗೆಬಗೆಯ ಮುಚ್ಚಿಗೆಗಳೆಲ್ಲ ಈ ಪ್ರಯೋಗದ ಸಂತಾನ.

ಮುಚ್ಚಿಗೆಗಳು ಹೆಚ್ಚಿದಂತೆ ಯಾವುದು ಮೇಲು ಎಂಬ ವಾದವೂ ಹೆಚ್ಚಿತು. ಇಂಥ ವಾದವನ್ನು ಬಾಯಿಮಾತಿನಿಂದ ತೀರ್ಮಾನಿಸದೆ, ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಹೋಲಿಸಿ ನೋಡುವ ಕ್ರಮ ನಮ್ಮ ಕಾಲದ ದೊಡ್ಡ ಗಳಿಕೆ. ನ್ಯೂಜಿಲೆಂಡಿನಲ್ಲಿ 368 ಮಂದಿಯ ಮೇಲೆ ಜೇನಿನ ಮುಚ್ಚಿಗೆಯನ್ನು ಪರೀಕ್ಷಿಸಿ 2008ರಲ್ಲಿ ಫಲವನ್ನು ಪ್ರಕಟಿಸಿದರು. ಎಲ್ಲರಿಗೂ ಬಿಗಿ ಪಟ್ಟಿ ಇತ್ತು. ಹನ್ನೆರಡು ವಾರಗಳಲ್ಲಿ ಜೇನಿನ ಗುಂಪಿನಲ್ಲಿ ನೂರಕ್ಕೆ ಸುಮಾರು 56, ಇನ್ನೊಂದರಲ್ಲಿ ಸುಮಾರು 50 ಮಂದಿಗೆ ಮಾಯಿತು. ಆಕಸ್ಮಿಕವಾಗಿಯೂ ಬರಬಹುದಾದಷ್ಟೇ ಅಂತರ. ಬೆಳ್ಳಿ ಸೇರಿಸಿದ ಮುಚ್ಚಿಗೆಯೂ 2009ರ ಬ್ರಿಟಿಷ್ ಪರೀಕ್ಷೆಯಲ್ಲಿ ಸಾಧಾರಣ ಮುಚ್ಚಿಗೆಯನ್ನು ಮೀರಲಿಲ್ಲ.

ಹುಳುಗಳ ಕಥೆಯೂ ಇಂಥದೇ. ಮೊದಲನೆಯ ಮಹಾಯುದ್ಧದಲ್ಲಿ, 1917ರಲ್ಲಿ, ಏಳು ದಿನ ರಣಭೂಮಿಯಲ್ಲಿ ಬಿದ್ದಿದ್ದ ಇಬ್ಬರು ಸಿಪಾಯಿಗಳ ಗಾಯದಲ್ಲಿ ನೊಣದ ಹುಳುಗಳು ತುಂಬಿದ್ದರೂ ಅವರಿಗೆ ಜ್ವರವಿಲ್ಲದುದನ್ನು ಅಮೆರಿಕದ ವೈದ್ಯ ವಿಲಿಯಂ ಬೇರ್ ಕಂಡನು. ಹುಳುಗಳು ಸತ್ತ ಮಾಂಸವನ್ನು ಮಾತ್ರ ತಿಂದು ಕೆಳಗಿನ ಜೀವಂತ ಮಾಂಸವನ್ನು ಶುಚಿಮಾಡಿದ್ದುವು. ಇಂದು ಪ್ರಯೋಗಶಾಲೆಯಲ್ಲಿ ಕ್ರಿಮಿಶುದ್ಧವಾಗಿ ಸಾಕಿದ ಹುಳುಗಳನ್ನು ಬಳಸುತ್ತಾರೆ. ಅಮೆರಿಕದ ಸರ್ಕಾರ 2004ರಲ್ಲಿ ಅದಕ್ಕೆ ಅನುಮತಿ ಕೊಟ್ಟಿತು. ಆದರೆ ಬ್ರಿಟನ್ನಿನಲ್ಲಿ 267 ರೋಗಿಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಪರೀಕ್ಷೆ ಹೇಳುವುದೇನು? ಹುಳುಗಳು ಹುಣ್ಣನ್ನು ಬೇಗ ಶುಚಿಮಾಡಿದುವು; ಆದರೆ ಹುಣ್ಣು ಅದರಿಂದ ಬೇಗ ಮಾಯಲಿಲ್ಲ, ನೋವು ಮಾತ್ರ ಹೆಚ್ಚಾಯಿತು.

ಹಾಗಾದರೆ ಮಾಯಿಸಿದ್ದು ಯಾವುದು? ಮತ್ತೆ ಪಟ್ಟಿಯೇ. ಲಂಡನ್ನಿನ ಚೇರಿಂಗ್ ಕ್ರಾಸ್ ಆಸ್ಪತ್ರೆಯವರು ಪಾರೆಯ ಪಟ್ಟಿಯನ್ನು ನಾಲ್ಕು ಪದರಗಳಾಗಿ ಹದಗೊಳಿಸಿದರು. ಮೊದಲು ಮೂಳೆಯ ಉಬ್ಬುಗಳನ್ನು ಕಾಯುವ ಮೆತ್ತನೆಯ ಉಣ್ಣೆ, ಅದರ ಮೇಲೆ ಕ್ರೇಪ್ ಬಟ್ಟೆ, ಆಮೇಲೆ ಹಿಗ್ಗುವ ಪಟ್ಟಿ, ಕೊನೆಗೆ ತನಗೆ ತಾನೇ ಅಂಟಿಕೊಳ್ಳುವ ಪಟ್ಟಿ. ಗಿಣ್ಣಿನ ಬಳಿ ಒತ್ತಡ ಪಾದರಸದ ಸುಮಾರು 40 ಮಿಲಿಮೀಟರ್. ಮಂಡಿಯ ಕಡೆಗೆ ಹೋದಂತೆ ಕಡಿಮೆ. ಕೆಳಗೆ ಬಿಗಿ, ಮೇಲೆ ಸಡಿಲ ಆದ್ದರಿಂದ ರಕ್ತಕ್ಕೆ ಮೇಲ್ಮುಖವಾದ ದಾರಿ. 1988ರಲ್ಲಿ ಅವರು ಕೊಟ್ಟ ವರದಿಯ ಪ್ರಕಾರ, ವರ್ಷಗಟ್ಟಲೆ ಮಾಯದಿದ್ದ 148 ಕಾಲುಗಳಲ್ಲಿ ನೂರಕ್ಕೆ 74ರಷ್ಟು ಹನ್ನೆರಡು ವಾರಗಳಲ್ಲಿ ವಾಸಿಯಾದುವು.

ಇದರಿಂದ ಹೊಸ ವಿದ್ಯೆಗಳೆಲ್ಲ ವ್ಯರ್ಥವೆಂದು ತಿಳಿಯಬಾರದು. 1975ರಲ್ಲಿ ಅಮೆರಿಕದ ರೈನ್‌ವಾಲ್ಡ್ ಮತ್ತು ಹೊವರ್ಡ್ ಗ್ರೀನ್ ಮಾನವ ಚರ್ಮದ ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸುವ ಬಗೆಯನ್ನು ಕಂಡುಹಿಡಿದರು. ಆ ದಾರಿಯಲ್ಲಿ ಮುಂದುವರಿದು ಹುಟ್ಟಿದ್ದು ಆಪ್ಲಿಗ್ರಾಫ್ ಎಂಬ ಎರಡು ಪದರದ ಜೀವಂತ ಚರ್ಮ. ಗಂಡುಕೂಸುಗಳ ಸುನ್ನತಿಯಲ್ಲಿ ತೆಗೆದ ಚರ್ಮದ ಕೋಶಗಳಿಂದ ಅದನ್ನು ಬೆಳೆಸುತ್ತಾರೆ. ಅಮೆರಿಕದಲ್ಲಿ 1998ರಲ್ಲಿ ಕಾಲಿನ ಹುಣ್ಣಿಗೆಂದು ಅದಕ್ಕೆ ಒಪ್ಪಿಗೆ ಸಿಕ್ಕಿತು. ಆರು ತಿಂಗಳಲ್ಲಿ ಬರಿಯ ಪಟ್ಟಿಯಿಂದ ನೂರಕ್ಕೆ 49 ಮಂದಿ ವಾಸಿಯಾದರೆ ಈ ಚರ್ಮವನ್ನೂ ಇಟ್ಟು ಪಟ್ಟಿ ಕಟ್ಟಿದಾಗ 63 ಮಂದಿ ವಾಸಿಯಾದರು. ವರ್ಷಕ್ಕೆ ಮೀರಿದ ಹಟಮಾರಿ ಹುಣ್ಣುಗಳಲ್ಲಿ ಅಂತರ ಇನ್ನೂ ಹೆಚ್ಚು: 19ಕ್ಕೆ 47. ಹೀಗೆ ಇಟ್ಟ ಚರ್ಮ ಅಲ್ಲಿಯೇ ಶಾಶ್ವತವಾಗಿ ಉಳಿಯುವುದಿಲ್ಲ. ರೋಗಿಯ ಸ್ವಂತ ಚರ್ಮವನ್ನು ಬೆಳೆಯಲು ಪ್ರೇರಿಸಿ ಮರೆಯಾಗುತ್ತದೆ. ಗಮನಿಸಬೇಕಾದ್ದೇನೆಂದರೆ, ಇಲ್ಲಿಯೂ ಎರಡು ಗುಂಪಿಗೂ ಪಟ್ಟಿ ಇದ್ದೇ ಇತ್ತು.

ಇನ್ನು ಬೇರಿನ ಚಿಕಿತ್ಸೆ. ಪಟ್ಟಿಯೊಂದಿಗೆ ಕೆಟ್ಟ ಅಭಿಧಮನಿಗೆ ಶಸ್ತ್ರಚಿಕಿತ್ಸೆಯನ್ನೂ ಮಾಡಿದರೆ ಹುಣ್ಣು ಒಂದು ವರ್ಷದೊಳಗೆ ಮರುಕಳಿಸುವುದು ನೂರಕ್ಕೆ 28ರಿಂದ 12ಕ್ಕೆ ಇಳಿಯುತ್ತದೆಂದು 2004ರ ಬ್ರಿಟಿಷ್ ಪರೀಕ್ಷೆ ತೋರಿಸಿತು. ಈಗ ದೊಡ್ಡ ಕೊಯ್ತವೂ ಬೇಕಿಲ್ಲ. ನಾಳದೊಳಗೆ ಸಣ್ಣ ಎಳೆಯೊಂದನ್ನು ತೂರಿಸಿ ಲೇಸರ್ ಅಥವಾ ರೇಡಿಯೋ ತರಂಗಗಳ ಶಾಖದಿಂದಲೋ, ನೊರೆಯ ಔಷಧಿಯಿಂದಲೋ ಅದನ್ನು ಮುಚ್ಚಿಬಿಡುತ್ತಾರೆ. ನಿಮ್ಮ ಮನೆಯ ಪೆಟ್ಟಿಗೆಗೆ ಹಾಡು ತರುವ ತರಂಗದ ಜಾತಿಯೇ ಇಲ್ಲಿ ರೋಗಿಯ ಕಾಲಿನಲ್ಲಿ ಕೆಲಸ ಮಾಡುತ್ತದೆ! 450 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಇನ್ನೊಂದು ಬ್ರಿಟಿಷ್ ಪರೀಕ್ಷೆಯಲ್ಲಿ, ನಾಳವನ್ನು ಬೇಗನೆ ಮುಚ್ಚಿದವರಲ್ಲಿ ಅರ್ಧದಷ್ಟು ಮಂದಿಗೆ 56 ದಿನಗಳೊಳಗೆ ಹುಣ್ಣು ಮಾಯಿತು. ತಡಮಾಡಿದ ಗುಂಪಿನಲ್ಲಿ ಅದಕ್ಕೆ 82 ದಿನ ಬೇಕಾಯಿತು. ಮೊದಲು ಹುಣ್ಣು ಮಾಯಲಿ, ನಾಳವನ್ನು ಆಮೇಲೆ ನೋಡೋಣ ಎಂಬ ವಾಡಿಕೆ ತಲೆಕೆಳಗಾಯಿತು.

ಇಷ್ಟನ್ನು ಓದಿದ ಮೇಲೆ ಯಾರಾದರೂ ಮನೆಯ ಹಿರಿಯರ ಕಾಲಿಗೆ ತಾವೇ ಪಟ್ಟಿ ಬಿಗಿಯಲು ಹೊರಟರೆ ಅನಾಹುತವಾದೀತು. ಹೃದಯದಿಂದ ರಕ್ತ ತರುವ ಅಪಧಮನಿಯೇ ಕಟ್ಟಿಕೊಂಡಿದ್ದರೆ ಬಿಗಿಯಾದ ಪಟ್ಟಿ ಉಳಿದಿರುವ ಅಷ್ಟಿಷ್ಟು ರಕ್ತವನ್ನೂ ತಡೆದು ಕಾಲನ್ನೇ ಕಳೆಯಬಹುದು. ಆದ್ದರಿಂದಲೇ ವೈದ್ಯರು ಮೊದಲು ಗಿಣ್ಣಿನ ರಕ್ತದೊತ್ತಡವನ್ನು ತೋಳಿನದರೊಂದಿಗೆ ಹೋಲಿಸಿ ನೋಡುತ್ತಾರೆ. ಸಕ್ಕರೆ ಕಾಯಿಲೆಯವರ ಪಾದದ ಹುಣ್ಣು, ಕುಷ್ಠದಿಂದ ಸ್ಪರ್ಶ ಕಳೆದುಕೊಂಡ ಪಾದದ ಹುಣ್ಣು ಬೇರೆ ಜಾತಿಯವು. ಅವುಗಳ ದಾರಿಯೂ ಬೇರೆ. ಬಹುಕಾಲ ಮಾಯದ ಹುಣ್ಣು ಅಪರೂಪಕ್ಕೆ ಅರ್ಬುದಕ್ಕೆ ತಿರುಗುವುದೂ ಉಂಟು. ಹುಣ್ಣು ಯಾವ ಜಾತಿಯದೆಂದು ನಿರ್ಧರಿಸುವುದು ವೈದ್ಯರ ಕೆಲಸ. ಆದರೆ ಅವರ ಬಳಿಗೆ ಕರೆದುಕೊಂಡು ಹೋಗುವುದು ಮನೆಯವರ ಕೆಲಸ.

ನಿಮ್ಮ ಮನೆಯಲ್ಲಿ ಅಂಥ ಒಬ್ಬರಿದ್ದರೆ, “ಇದು ನನ್ನ ಹಣೆಬರಹ, ಎಷ್ಟು ಮುಲಾಮು ಹಚ್ಚಿದರೂ ಇಷ್ಟೇ” ಎಂದು ಅವರು ಹೇಳಿದರೆ, ನೀವು ಒಂದು ಮಾತನ್ನು ಧೈರ್ಯವಾಗಿ ಹೇಳಬಹುದು. ಮುಲಾಮು ಸೋತಿರಬಹುದು, ಕಾಲು ಇನ್ನೂ ಸೋತಿಲ್ಲ. ಹುಣ್ಣಿನ ಜೊತೆಗೆ ಕಾಲನ್ನೂ ನೋಡಬಲ್ಲ ವೈದ್ಯರ ಮುಂದೆ ಆ ಸೀರೆಯ ನೆರಿಗೆಯನ್ನು, ಆ ಪಂಚೆಯ ಅಂಚನ್ನು ಒಮ್ಮೆ ಸಂಕೋಚವಿಲ್ಲದೆ ಸರಿಸಿದರೆ ಸಾಕು. ನಾಲ್ಕು ನೂರ ಎಪ್ಪತ್ತು ವರ್ಷಗಳ ಹಿಂದೆ ಸೆರೆಯಾಳೊಬ್ಬನು ಸುತ್ತಿದ ಪಟ್ಟಿ ಅವರ ಕಾಲಿಗೂ ಒದಗೀತು.